ಜ್ಞಾನೇಶ್ವರ ಪಡಸಾಲ್ಯಾಗ ಕಂಬಳಿ ಹಾಸಿದ್ದು

ನಾ ಸುಳ್ಳ ಹೇಳೋ ಮನಷ್ಯಾ ಅಲ್ರಿ. ಭಾಲ್ಕಿಗಿ ಬಂದು, ನಮ್ಮ ಓಣ್ಯಾಗ ನಿಂತು, ಕಿರಾಣಿ ಅಂಗಡಿ ಶಿವರಾಜಪ್ಪ ಹ್ಯಾಂಗ ಅಂತ ಯಾರಿಗರ ಕೇಳ್ರಿ. ತೂಕದಾಗ ಜರಾ ಹಿಂದ ಮುಂದ ಆಗ್ತದ ಅಂದಾರು, ಮಾತಿನ್ಯಾಗ ಆಗಂಗಿಲ್ಲ ಅಂತಾರ. ಅದಕ್ಕ, ನಮ್ಮ ಬಾಜು ಮನಿ ಜ್ಞಾನೇಶ್ವರ ತನ್ನ ಪಡಸಾಲಿಗಿ ಚಳಿಗಾಲ ತರ್ಲಿಕ್ಕ ಹೋಗಿ ನಾಲ್ಕು ಮಂದಿ ಪಂಚರನ್ನ, ಒಂದು ಟಗರನ್ನ, ಒಬ್ಬ ಪೊಲೀಸನ್ನ ತಂದ್ಕೊಂಡ ಅಂತ ನಾ ಹೇಳಿದ್ರ ಅದು ಖರೆ ಅಂತ ತಿಳ್ಕೋರಿ. ಟಗರಿನ ಸೈಜು ಮಾತ್ರ ಹೇಳೋ ಮುಂದ ಒಂದೀಟು ದೊಡ್ಡದಾಗಬಹುದು. ಅದು ಟಗರಿನ ಗುಣ.

ಜ್ಞಾನೇಶ್ವರ ಬೀದರಿನ್ಯಾಗ ಕರೆಂಟಿನ ಮೀಟರ್ ಓದ್ತಾನ. ದಿನಾ ಮುಂಜಾನಿ ಭಾಲ್ಕಿಯಿಂದ ಬಸ್ಸಿಗಿ ಹೋಗ್ತಾನ, ಸಂಜಿಗಿ ಬರ್ತಾನ. ಮೀಟರ್ ಓದೋರ ನಸೀಬ ಹ್ಯಾಂಗ ಅಂದ್ರ, ಊರ ಮಂದಿ ಪಡಸಾಲಿ ಎಲ್ಲಾ ಅವ್ರಿಗಿ ಕಾಣ್ತದ, ಆದ್ರ ಯಾರೂ ಕೂಡ್ರಿ ಅನ್ನಂಗಿಲ್ಲ. ಇಪ್ಪತ್ತು ವರ್ಷ ಹಿಂಗ ಬಾಗಲದಾಗ ನಿಂತು ಮಂದಿ ಸೋಫಾ ನೋಡಿ ನೋಡಿ ಅವನ ಕಣ್ಣಿಗಿ ಒಂದು ನಮೂನಿ ಹಸಿವಿ ಹತ್ತಿತ್ತು.

ಅದಕ್ಕ ಒಗ್ಗರಣಿ ಹಾಕಿದವ್ರು ಅಂಬರೀನ ಮೇಡಮ್ಮು. ಬೀದರ ಕೋಟಿ ಕಡಿ ಹಳೇ ಓಣ್ಯಾಗ ಅವ್ರ ಮನಿ. ಕಾಲೇಜಿನ್ಯಾಗ ಉರ್ದು ಕಲಸ್ತಾರ, ಭಾಳ ನಾಜೂಕಿನ ಮಂದಿ. ಜ್ಞಾನೇಶ್ವರ ಪ್ರತಿ ತಿಂಗಳು ಹೋಗಾಂವ. ಒಮ್ಮೆ ನೋಡಿದ್ರ ಪರದಾ ನೀಲಿ, ಇನ್ನೊಮ್ಮೆ ನೋಡಿದ್ರ ಬಿಳಿ, ಮತ್ತೊಮ್ಮೆ ದಿವಾನದ ಮ್ಯಾಲಿನ ಚಾದರ, ಲೋಡು, ದಿಂಬಿನ ಗಲೀಫ ಎಲ್ಲಾ ಬದಲು. ಕಡೀಕ ಒಂದಿನ ತಡಿಲಾರದ ಕೇಳಿದ.

"ಮೇಡಮ್, ಇದೇನ್ರಿ, ಬಂದಾಗೊಮ್ಮೆ ಹೊಸ ಮನಿ ಕಂಡಾಂಗ ಕಾಣ್ತದಲ್ರಿ?"

ಮೇಡಮ್ಮು ನಕ್ಕು ಅಂದ್ರು: "ಮೌಸಮ್ ಬದಲಾದ್ರ ಮನಿನೂ ಬದಲಾಗ್ಬೇಕಲ್ರಿ ಭಾಯಿ."

ಅಷ್ಟ. ಆ ಒಂದು ಮಾತು ಅಂವ ಬೀದರಿಂದ ಭಾಲ್ಕಿ ತನಕ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡು ಬಂದ. ಟಿಕೆಟ್ ಬ್ಯಾರೆ ತಗೊಂಡಿದ್ನೋ ಏನೋ ಗೊತ್ತಿಲ್ಲ.

ಅವಾಗ ಬೇಸಿಗಿ. ಮರದಿನ ಅವನ ಪಡಸಾಲಿ ತುಂಬ ಬಿಳಿ. ಪರದಾ ಬಿಳಿ, ದಿವಾನಕ್ಕ ಬಿಳಿ ಚಾದರ, ಕುರ್ಚಿಗೊಂದು ಬಿಳಿ ಅಂಗಿ, ನೆಲಕ್ಕ ಬಿಳಿ ಹಾಸಿಗಿ. ನನ್ನ ಹೇಣತಿ ಕಸ್ತೂರಿಬಾಯಿ ಮೊಸರ ಹೆಪ್ಪಿಗಿ ಅಂತ ಹೋದಾಕಿ ಬಾಗಲದಾಗ ಚಪ್ಪಲಿ ಬಿಟ್ಟು, ತಲಿಮ್ಯಾಲ ಸೆರಗ ಹೊತ್ತು, ದನಿ ಇಳಿಸಿ ಕೇಳಿದ್ಳು: "ಯಾವಾಗ ಆತ್ರೀ?"

"ಮೊನ್ನಿನಿಂದ ಶುರು ಆಗ್ಯದ್ರಿ," ಅಂದ ಜ್ಞಾನೇಶ್ವರ, ಬೆವರ ಒರಸ್ಕೋತ.

"ಶುರು ಆಗ್ಯದಾ? ಅಂದ್ರ ಇನ್ನಾ ಜೀವ ಅದ?"

ಅಕಿ ಮನಿಗಿ ಬಂದು ನನಗ ಹೇಳೋದ್ರಾಗ ಓಣ್ಯಾಗ ಮೂರು ಮನಿ ಒಲಿ ಆರಿಸಿದ್ವು. ಇರ್ಲಿ.

ಮಳಿಗಾಲಕ್ಕ ಹಸರು ಬಂತು. ಹಸರು ಪರದಾ, ನವಿಲಿನ ದಿಂಬು. ಮೊದಲನೇ ಮಳಿಗೇ ಕಿಡಕ್ಯಾಗಿನ ಪರದಾ ತೊಯ್ದು ಬಣ್ಣ ಬಿಟ್ಟು, ಕಟ್ಟಿ ಕೆಳಗ ಮಲಗಿದ ಓಣಿ ನಾಯಿ ಎರಡು ತಿಂಗಳು ಹಸರಾಗಿ ತಿರಗ್ಯಾಡ್ತು. ಆ ನಾಯಿಗಿ ಬ್ಯಾರೆ ನಾಯಿಗಳು ಹೆದರ್ತಿದ್ವು, ಅದಕ್ಕೂ ಸ್ವಲ್ಪ ಗರ್ವ ಬಂದಿತ್ತು.

ಇಷ್ಟೆಲ್ಲಾ ಆದ್ರೂ ಯಾರಿಗೂ ತ್ರಾಸ ಇರ್ಲಿಲ್ಲ. ತ್ರಾಸ ಏನಂದ್ರ, ಆ ಪಡಸಾಲ್ಯಾಗ ಯಾರೂ ಕೂಡೋಹಂಗಿಲ್ಲ. ಹದಿನೈದು ವರ್ಷ ನಾ ಅಲ್ಲಿ ಕುಂತು ಚಹಾ ಕುಡದೀನ್ರಿ. ಈಗ ನಾ ಹೋದ್ರ ಜ್ಞಾನೇಶ್ವರ ಓಡಿ ಬಂದು ಬಾಗಲದಾಗೇ ಕಪ್ಪು ಕೊಡಾಂವ. "ಒಳಗ ಬರ್ರಿ ಅಂತೀನಿ ಶಿವರಾಜಪ್ಪನೋರ, ಆದ್ರ ಚಾದರ ಮುದುಡ್ತದ್ರಿ."

ಅವನ ಹೇಣತಿ ಸತ್ಯಮ್ಮ. ಔರಾದ ಕಡಿ ಸಂತಪುರದಾಕಿ. ತವರಿನ್ಯಾಗ ಹೊಲ, ಕುರಿ. ಕಡಿಮಿ ಮಾತಿನಾಕಿ, ನೆಟ್ಟಗ ನೋಡಾಕಿ. ಅಕಿ ಅಕ್ಕಿ ಆರಸೋದು ಹಿತ್ತಲದಾಗ, ಉಣ್ಣೋದು ಅಡಗಿಮನ್ಯಾಗ. ಟೀವಿ ನೋಡ್ಬೇಕಂದ್ರ ಅಡಗಿಮನಿ ಬಾಗಲದ ಹೊಸ್ತಿಲಿಗಿ ನಿಂತು ನೋಡ್ತಿದ್ಳು. ನನ್ನ ಹೇಣತಿ ಕೇಳಿದ್ರ, "ಹಂಗಾಮ ಮುಗೀಲಿ ಕಾಕಿ," ಅಂತಿದ್ಳು.

ಡಿಸೆಂಬರ್ ಬಂತು. ಬೀದರಿನ ಥಂಡಿ ನಿಮಗ ಗೊತ್ತಿರ್ಲಿಕ್ಕಿಲ್ಲ. ಮುಂಜಾನಿ ಮಾತಾಡಿದ್ರ ಮಾತು ಬಾಯಾಗೇ ಗಟ್ಟಿಯಾಗಿ ಮಧ್ಯಾಹ್ನ ಕೇಳಸ್ತದ. ಜ್ಞಾನೇಶ್ವರ ಅಂಬರೀನ ಮೇಡಮ್ಮರಿಗಿ ಕೇಳಿದ, ಚಳಿಗಾಲಕ್ಕ ಏನ್ ಮಾಡ್ಬೇಕ್ರಿ ಅಂತ.

"ಉಣ್ಣಿದು ಹಾಕ್ರಿ. ಗಾಢ ಬಣ್ಣ ಇರ್ಲಿ. ಜರಾ ಹಳದಿ, ಜರಾ ಹಿತ್ತಾಳಿ. ನಟ್ಟನಡುವ ಒಂದೇ ಒಂದು ಛಲೋ ಚೀಜ್ ಇರ್ಲಿ, ಕಣ್ಣು ಅದರ ಮ್ಯಾಲೇ ಹೋಗ್ಬೇಕು," ಅಂದ್ರು ಅವ್ರು.

ಇಂವ ಖುಷಿಗಿ ತಡಿಲಾರದ, "ಭಾನುವಾರ ನಾಲ್ಕಕ್ಕ ನಮ್ಮ ಮನಿಗಿ ಚಹಾಕ್ಕ ಬರ್ರಿ ಮೇಡಮ್, ನೀವ ನೋಡಿ ಹೇಳ್ಬೇಕು," ಅಂದ್ಬಿಟ್ಟ. ಅವ್ರೂ ಹೂಂ ಅಂದ್ರು.

ಉಣ್ಣಿದು ಅಂದ್ರ ಸಂತಪುರ. ಭಾಮೈದ ಸತೀಶಕುಮಾರನಿಗಿ ಫೋನ್ ಹಚ್ಚಿದ. ನನ್ನ ಅಂಗಡಿ ಕಟ್ಟಿಮ್ಯಾಲ ನಿಂತೇ ಹಚ್ಚಿದ, ಹಿಂಗಾಗಿ ನಾ ಎರಡೂ ಕಡಿದು ಕೇಳೀನಿ.

"ಸತೀಶಾ, ಒಂದು ಹೊಸ ಕರಿ ಕಂಬಳಿ ಕಳಸಪಾ."

"ಹೊದ್ಕೋಳಿಕ್ಕಾ ಭಾವಾ?"

"ಹೊದ್ಕೋಳಿಕ್ಕ ಅಲ್ಲೋ. ಪಡಸಾಲ್ಯಾಗ ಹಾಸ್ಲಿಕ್ಕ."

ಆ ಕಡಿಯಿಂದ ಒಂದು ಕುರಿ ಬ್ಯಾ ಅಂದಿದ್ದು ಮಾತ್ರ ಕೇಳಿಸ್ತು.

"ಹಾಸ್ಲಿಕ್ಕ? ... ಅಕ್ಕ ಅರಾಮ ಅದಾಳಲ್ಲ?"

"ಅಕಿಗೇನಾಗ್ಯದ? ಇದೆಲ್ಲಾ ಅಕಿ ಸಂಬಂಧನೇ ಮಾಡ್ಲಿಕತ್ತೀನಿ!"

"ಆತು," ಅಂದ ಸತೀಶಕುಮಾರ. ಮರದಿನ ಬಸ್ಸಿಗಿ ಕಂಬಳಿ ಬಂತು.

ಇಲ್ಲಿ ನಿಮಗೊಂದು ಮಾತು ಹೇಳ್ಬೇಕು. ಸತ್ಯಮ್ಮನ ತವರಿನವ್ರ ಪೈಕಿ ಹಳೇ ಕಂಬಳಿಗಿ ನೂರು ಕೆಲಸ. ಹೊದಿಬಹುದು, ಮಲಗಬಹುದು, ಮಳ್ಯಾಗ ತಲಿಮ್ಯಾಲ ಕೊಪ್ಪಿ ಮಾಡ್ಕೋಬಹುದು. ಆದ್ರ ಹೊಸ ಕರಿ ಕಂಬಳಿ ನಾಲ್ಕು ಮಡಕಿ ಮಾಡಿ, ಪಡಸಾಲಿ ನಡುವ ಹಾಸಿ, ಮುಂದ ತುಂಬಿದ ಹಿತ್ತಾಳಿ ತಂಬಗಿ ಇಟ್ರ ಅದು ಹಾಸಿಗಿ ಅಲ್ಲ, ನ್ಯಾಯದ ಗದ್ದಿಗಿ. ಅದರ ಮ್ಯಾಲ ಐದು ಮಂದಿ ಪಂಚರು ಕೂಡ್ತಾರ. ಅದರ ಮುಂದ ಯಾರೂ ಸುಳ್ಳ ಆಡಂಗಿಲ್ಲ. ಮತ್ತ ಎಲ್ಲಾಕ್ಕಿಂತ ದೊಡ್ಡ ಕಟ್ಟಳಿ ಅಂದ್ರ, ಒಮ್ಮೆ ಹಾಸಿದ ಕಂಬಳಿ ಒಂದು ತೀರ್ಪು ಆಗದ ಸುತ್ತಂಗಿಲ್ಲ.

ಜ್ಞಾನೇಶ್ವರನೂ ಅದೇ ಪೈಕಿಯವನೇ. ಆದ್ರ ಅವರಪ್ಪ ಬಸ್ ಕಂಡಕ್ಟರ್. ಇಂವ ಹುಟ್ಟಿ ಬೆಳದದ್ದು ಬಸ್ ಸ್ಟ್ಯಾಂಡಿನ ಬಾಜು. ಉದಗೀರ ಬಸ್ಸು ಎಷ್ಟಕ್ಕ ಬಿಡ್ತದ ಅಂತ ನಿದ್ದಿಗಣ್ಣಾಗ ಹೇಳ್ತಾನ, ಕಂಬಳಿ ಸಂಗತಿ ಅವಗ ಯಾರೂ ಹೇಳಿರ್ಲಿಲ್ಲ.

ಪಡಸಾಲಿ ಸಣ್ಣದು, ಕಂಬಳಿ ದೊಡ್ಡದು. ಹಿಂಗಾಗಿ ನಾಲ್ಕು ಮಡಕಿ ಮಾಡಿದ. ಹಿತ್ತಾಳಿ ಬೇಕಲ್ಲ, ದೇವರ ಮನ್ಯಾಗಿನ ತಂಬಗಿ ತಂದು, ನೀರು ತುಂಬಿ, ಮ್ಯಾಲ ಒಂದು ಚೆಂಡು ಹೂ ತೇಲಿಬಿಟ್ಟು ಮುಂದ ಇಟ್ಟ. ಎರಡೂ ಬಾಜು ಅರಿಶಿಣ ಬಣ್ಣದ ದಿಂಬು. ಸಂತಪುರದ ಪಂಚರು ಖುದ್ದಾಗಿ ಬಂದು ಹಾಸಿದ್ರೂ ಅಷ್ಟು ಬರೋಬ್ಬರಿ ಬರ್ತಿರ್ಲಿಲ್ಲ.

ನಾ ಆಗ ಖಾಲಿ ಚೀಲ ಇಸ್ಕೊಂಡು ಹೋಗ್ಲಿಕ್ಕ ಅಂತ ಬಾಗಲದಾಗ ನಿಂತಿದ್ದೆ. ಸತ್ಯಮ್ಮ ಹಿಟ್ಟಿನ ಕೈಲೇ ಅಡಗಿಮನಿಯಿಂದ ಬಂದು ನೋಡಿದ್ಳು. ಕಣ್ಣು ಇಷ್ಟಗಲ ಆದ್ವು.

"ಹಿಂಗ ಹಾಸ್ತೀರಿ?"

"ಹೂಂ."

"ತಂಬಗಿನೂ ಇಡ್ತೀರಿ? ತುಂಬಿದ್ದು?"

"ನಿನಗ ಇದೆಲ್ಲಾ ತಿಳಿಯಂಗಿಲ್ಲ ಸತ್ಯಾ. ಇದಕ್ಕ ಸೆಂಟರ್ ಪೀಸ್ ಅಂತಾರ."

ಸತ್ಯಮ್ಮ ಒಮ್ಮೆ ಕಂಬಳಿ ನೋಡಿದ್ಳು, ಒಮ್ಮೆ ಗಂಡನ್ನ ನೋಡಿದ್ಳು. "ಆತ್ರಿ, ತಿಳಿಯಂಗಿಲ್ಲ," ಅಂದು ಒಳಗ ಹೋದ್ಳು. ಹೋಗೋ ಮುಂದ ಅಕಿ ಮಾರಿಮ್ಯಾಲ ಒಂದು ನಗಿ ಇತ್ತು. ಅಂಥ ನಗಿ ನಾ ನಮ್ಮ ಮನ್ಯಾಗ ಒಮ್ಮೆ ನೋಡೀನಿ, ಕಸ್ತೂರಿಬಾಯಿ ಹಾಲಿನವನ ಕ್ಯಾನಿನ್ಯಾಗ ಕೈ ಹಾಕಿ ಸಣ್ಣ ಮೀನ ತಗದ ದಿನ.

ಜ್ಞಾನೇಶ್ವರ ಫೋಟೋ ತಗದು ವಾಟ್ಸಾಪ್ ಸ್ಟೇಟಸ್ಸಿಗಿ ಹಾಕಿದ. ಕೆಳಗ ಬರದ: "ಹಾಸೀನಿ. ಭಾನುವಾರ ಎಲ್ಲಾರೂ ಬರ್ರಿ. ನೋಡಿ ಹೇಳ್ರಿ."

ಸಂತಪುರದಾಗ ಸತೀಶಕುಮಾರ ಆ ಫೋಟೋ ಒಯ್ದು ಮಾಳಪ್ಪ ಕಾಕಾಗ ತೋರ್ಸಿದ. ಮಾಳಪ್ಪ ಅಂದ್ರ ಸತ್ಯಮ್ಮನ ಕಾಕಾ, ಎಂಬತ್ತರ ಮ್ಯಾಲ ವಯಸ್ಸು, ಆ ಸುತ್ತಿನ ಹಿರೇ ಪಂಚ. ಓದ್ಲಿಕ್ಕ ಬರಂಗಿಲ್ಲ, ಫೋಟೋ ನೋಡ್ಲಿಕ್ಕ ಬರ್ತದ.

"ತಂಬಗಿ ತುಂಬ್ಯದೇನು?"

"ತುಂಬ್ಯದ ಕಾಕಾ. ಹೂವನೂ ಅದ."

"ಹೂವನೂ ಹಾಕ್ಯಾನಾ? ಭಾಳ ದೊಡ್ಡ ತಕರಾರು ಇರ್ಬೇಕು. ಟೆಂಪೋ ಹೇಳು."

ಇತ್ಲಾಗ ಶನಿವಾರ ಸತ್ಯಮ್ಮ ನನ್ನ ಅಂಗಡಿಗಿ ಬಂದು ಹತ್ತು ಕಿಲೋ ಜ್ವಾಳದ ಹಿಟ್ಟು, ಮೂರು ಕಿಲೋ ಬೆಲ್ಲ ಒಯ್ದ್ಳು. ನನ್ನ ಹೇಣತಿ ಕಡಿ ದೊಡ್ಡ ಪಾತೇಲಿ ಬೇಡಿದ್ಳು.

"ಒಬ್ಬಾಕಿ ಮೇಡಮ್ಮಿಗಿ ಇಷ್ಟೇನ ಸತ್ಯವ್ವಾ?" ಅಂತ ಕಸ್ತೂರಿಬಾಯಿ ಕೇಳಿದ್ರ, "ಮೇಡಮ್ಮು ಎಷ್ಟು ಉಣ್ತಾರೋ ಯಾರಿಗಿ ಗೊತ್ತದ ಕಾಕಿ," ಅಂದ್ಳು.

ಭಾನುವಾರ ಎರಡೂವರಿ. ಜ್ಞಾನೇಶ್ವರ ಬಿಳಿ ಕುರ್ತಾ ಹಾಕ್ಕೊಂಡು, ಎಣ್ಣಿ ಹಚ್ಚಿ ತಲಿ ಬಾಚ್ಕೊಂಡು ಬಾಗಲದಾಗ ನಿಂತಿದ್ದ. ಟೆಂಪೋ ಬಂದು ನಿಂತ್ತು. ಮೊದಲ ಇಳದದ್ದು ಟಗರು, ಅದಿಲ್ಲದ ಪಂಚರು ನ್ಯಾಯಕ್ಕ ಹೊರಡಂಗಿಲ್ಲಂತ. ನನ್ನ ಎದಿ ತನಕ ಎತ್ತರ, ಕೊಂಬು ಟೆಂಪೋದ ಬಾಗಲಕ್ಕ ಸಿಕ್ಕು ಎರಡು ಮಂದಿ ಓರಿ ಮಾಡಿ ಇಳಿಸಬೇಕಾತು. ಅದರ ಹಿಂದ ಮಾಳಪ್ಪ, ಅವನ ಹಿಂದ ಮೂರು ಮಂದಿ ರುಮಾಲಿನ ಹಿರ್ಯಾರು, ಅವರ ಹಿಂದ ಸತೀಶಕುಮಾರ, ಮತ್ತ ಇಪ್ಪತ್ತು ಮಂದಿ. ಅದರಾಗ ಇಬ್ಬರು ಜನವಾಡದವ್ರು. ಟೆಂಪೋ ಅಲ್ಲಿ ಚಹಾಕ್ಕ ನಿಂತಾಗ ಸುದ್ದಿ ಕೇಳಿ, ನ್ಯಾಯ ಬಿಟ್ಟು ಮನ್ಯಾಗ ಕುಂತು ಏನ್ ಮಾಡೋದು ಅಂತ ಹತ್ತಿದ್ರಂತ.

"ಮಾವಾ! ನೀವು ಇಲ್ಲಿ?" ಅಂದ ಜ್ಞಾನೇಶ್ವರ.

"ಕರದ ಮ್ಯಾಲ ಬರದ ಇರ್ತೀವೇನು?" ಅಂದ ಮಾಳಪ್ಪ.

"ನಾ ಕರದೆ?"

"ಕಂಬಳಿ ಕರದದ."

ಜ್ಞಾನೇಶ್ವರ ಬಾಯಿ ತಗಿಯೋದ್ರಾಗ ಸತ್ಯಮ್ಮ ಬಿಂದಿಗಿ ನೀರು ತಂದು ಎಲ್ಲಾರ ಕಾಲಿಗಿ ಕೊಟ್ಟಿದ್ಳು. ನಾಲ್ಕೂ ಹಿರ್ಯಾರು ಒಳಗ ಹೋಗಿ ಕಂಬಳಿ ಮ್ಯಾಲ ಕುಂತ್ರು. ಮಾಳಪ್ಪ ಅರಿಶಿಣ ದಿಂಬನ್ನ ಎರಡು ಬೆರಳಿಲೇ ಎತ್ತಿ ನೋಡಿ, "ಇದು ಯಾರ ಕೂಸಿನ ದಿಂಬೋ," ಅಂತ ಬಾಜುಕ ಇಟ್ಟ. ಟಗರನ್ನ ಕಿಡಕಿ ಸರಳಿಗಿ ಕಟ್ಟಿದ್ರು. ಅದು ತನ್ನ ಪಾಡಿಗೆ ತಾ ಹೊಸ ಕೆಂಪು ಪರದಾದ ಗೊಂಡೆ ತಿನ್ಲಿಕ್ಕ ಶುರು ಮಾಡ್ತು.

ತ್ರಾಸ ಏನಾತಂದ್ರ ಐದನೇ ಪಂಚಗ ಸಕ್ರಿ ಬ್ಯಾನಿ ಹೆಚ್ಚಾಗಿ ಬಂದಿರ್ಲಿಲ್ಲ. ನಾಲ್ಕು ಮಂದಿಗಿ ನ್ಯಾಯ ನಡಿಯಂಗಿಲ್ಲ. ಅದೇ ಹೊತ್ತಿಗಿ ದೇವರು ಐದನೆಯವನ್ನ ಕಳಿಸಿದ. ದೇವರಿಗಿ ಕೈಜೋಡಿಸಿದಾಕಿ ನನ್ನ ಹೇಣತಿ. ಕಸ್ತೂರಿಬಾಯಿ ಕಟ್ಟಿಮ್ಯಾಲ ನಿಂತು "ಮಂದಿ ಬಂದಾರ" ಅಂದಿದ್ಳು ಅಷ್ಟ. ಓಣಿ ಮೂಲಿಗಿ ಹೋಗೋದ್ರಾಗ ಅದು "ಮಂದಿ ಸುತ್ತುವರದಾರ" ಆತು, ಚೌಕಿಗಿ ಹೋಗೋದ್ರಾಗ "ಮೀಟರಿನವನ್ನ ಕಟ್ಟಿ ಹಾಕ್ಯಾರ, ಒಂದು ಹುಲಿನೂ ತಂದಾರ" ಆತು. ಪೊಲೀಸ್ ಅಶ್ವಜಿತ ಮೋಟರ್ ಸೈಕಲ್ ಮ್ಯಾಲ ಬಂದ.

"ಏನ್ ನಡದದ ಇಲ್ಲಿ? ಕಾಯ್ದಾ ಪ್ರಕಾರ ಹಿಂಗೆಲ್ಲಾ..."

"ಬೂಟು ಬಿಚ್ಚಿ ಬಾ ಮಗನಾ," ಅಂದ ಮಾಳಪ್ಪ.

ಆ ದನಿಗಿ ಅಶ್ವಜಿತ ಬೂಟು ಬಿಚ್ಚಿದ, ಒಳಗ ಬಂದ, ಎಲ್ಲಿ ಕೂಡ್ಬೇಕು ಅಂತ ನೋಡಿದ. ಕಂಬಳಿ ಮ್ಯಾಲ ಒಬ್ಬರ ಜಾಗ ಖಾಲಿ ಇತ್ತು. ಕುಂತ್ಬಿಟ್ಟ.

ಮಂದಿ ಎಲ್ಲಾ "ಹೋ" ಅಂದ್ರು.

"ಐದಾದ್ರು," ಅಂದ ಮಾಳಪ್ಪ.

"ಅಜ್ಜಾ, ನಾ ಡ್ಯೂಟಿ ಮ್ಯಾಲ ಅದೀನ್ರಿ."

"ನಾವೇನ್ ಲಗ್ನಕ್ಕ ಬಂದೀವಾ? ನಾವೂ ಡ್ಯೂಟಿ ಮ್ಯಾಲೇ ಅದೀವಿ. ಕೂಡು." ಮಾಳಪ್ಪ ಜ್ಞಾನೇಶ್ವರನ ಕಡಿ ತಿರಗಿದ. "ಹೂಂ, ಹೇಳು. ನಿನ್ನ ತಕರಾರು ಏನು?"

"ತಕರಾರು ಏನಿಲ್ರಿ ಮಾವಾ. ಇದು ಚಳಿಗಾಲ."

"ಚಳಿಗಾಲದ ಮ್ಯಾಲ ತಕರಾರಾ?"

"ಅಲ್ರಿ! ಇದು ಅಲಂಕಾರ. ಹಂಗಾಮಿಗಿ ತಕ್ಕಾಂಗ ಪಡಸಾಲಿ."

ನಾಲ್ಕೂ ರುಮಾಲು ಒಂದು ಕಡಿ ಬಾಗಿದ್ವು, ಅಶ್ವಜಿತನ ಟೊಪಗಿನೂ ಹಿಂದಿಂದ ಬಾಗ್ತು. ಒಬ್ಬ ಹಿರ್ಯಾ ಕೇಳಿದ: "ಅಂದ್ರ, ಸುಮ್ಮನ ಹಾಸ್ಯಾನ?"

"ಸುಮ್ಮನ ಯಾರು ಹಾಸ್ತಾರ?" ಅಂದ ಇನ್ನೊಬ್ಬ. "ಹೇಳ್ಲಿಕ್ಕ ನಾಚ್ಕೊಳ್ತಾನ."

"ಖರೇನೇ ಸುಮ್ಮನ್ರಿ!" ಜ್ಞಾನೇಶ್ವರ ಗೋಡಿ ಗಡಿಯಾರ ನೋಡಿದ, ಮೂರೂವರಿ. "ನೀವು ಎದ್ರ ಸುತ್ತಿ ಒಳಗಿಟ್ಟು ಬಿಡ್ತೀನಿ."

ಅಂವ ಕಂಬಳಿ ತುದಿಗಿ ಕೈ ಹಚ್ಚಿದ್ದೇ ತಡ, ಇಪ್ಪತ್ತು ಮಂದಿ ಒಮ್ಮಿಗೇ ಚೀರಿದ್ರು. ಟಗರು ಬಾಯಾಗಿನ ಗೊಂಡೆ ಬಿಡ್ತು. ತೀರ್ಪು ಇಲ್ಲದ ಕಂಬಳಿ ಸುತ್ತಿದ ಮನಿ ಉದ್ಧಾರ ಆಗಿದ್ದಿಲ್ಲ ಅಂತ ಅವಗ ಏಳು ಮಂದಿ ಏಳು ನಮೂನಿ ಹೇಳಿದ್ರು. ಒಬ್ಬನಂತೂ ಸಾಯಗಾಂವದಾಗ ಹಿಂಗ ಸುತ್ತಿದವನ ಎಮ್ಮಿ ಮೂರು ವರ್ಷ ಬರೇ ಮಜ್ಜಿಗಿ ಹಿಂಡ್ತು ಅಂದ.

ಆಗ ಸತೀಶಕುಮಾರ ಎದ್ದ.

"ನಮ್ಮ ಅಕ್ಕಗ ಕೇಳ್ರಿ. ಅಕ್ಕನ ಸಂಬಂಧ ಹಾಸ್ಲಿಕತ್ತೀನಿ ಅಂತ ಭಾವ ಫೋನಿನ್ಯಾಗ ಅಂದಾನ. ಅಕಿಗಿ ಏನರ ಅನ್ಯಾಯ ಆಗಿದ್ರ ಇದೇ ಟೆಂಪೋದಾಗ ಕರ್ಕೊಂಡು ಹೋಗ್ತೀವಿ. ಡ್ರೈವರ ಬಾಜು ಸೀಟು ಖಾಲಿ ಇಟ್ಟೀವಿ."

ಜ್ಞಾನೇಶ್ವರ ನಕ್ಕ. "ಕೇಳ್ರಿ, ಕೇಳ್ರಿ! ನಾ ಅಕಿಗಿ ಏನ್ ಕಮ್ಮಿ ಮಾಡೀನಿ? ಹೇಳು ಸತ್ಯಾ, ಮುಗದು ಹೋಗ್ಲಿ. ನಾಲ್ಕಕ್ಕ ಮೇಡಮ್ಮು ಬರ್ತಾರ."

ಸತ್ಯಮ್ಮ ಸೆರಗಿಗಿ ಕೈ ಒರಸ್ಕೊಂಡು ಬಂದು ನಿಂತ್ಳು.

"ಕಂಬಳಿ ಮುಂದ ಸುಳ್ಳ ಆಡಬಾರ್ದು ಕಾಕಾ, ಅದಕ್ಕ ಹೇಳ್ತೀನಿ. ಈ ಪಡಸಾಲ್ಯಾಗ ನಾ ಕುಂತು ಎಂಟು ತಿಂಗಳಾತು."

ಜ್ಞಾನೇಶ್ವರನ ನಗಿ ಅಲ್ಲೇ ನಿಂತ್ತು.

"ಬ್ಯಾಸಗ್ಯಾಗ ಬಿಳಿದು, ಕರಿ ಆಗ್ತದ ಅಂದ್ರು. ಮಳಿಗಾಲದಾಗ ಹಸರು, ಮುದುಡ್ತದ ಅಂದ್ರು. ನಾ ಅರಬಿ ಮಡಚೋದು ಬಚ್ಚಲದಾಗ. ಹೋದ ತಿಂಗಳು ಜ್ವರ ಬಂದು ಮಲಗ್ಬೇಕಂದ್ರ ದಿವಾನದ ಮ್ಯಾಲ ನವಿಲು ಮಲಗಿದ್ವು. ನಾ ಜ್ವಾಳದ ಚೀಲದ ಮ್ಯಾಲ ಮಲಗ್ದೆ."

"ಹೊಡದಾನೇನು?" ಮಾಳಪ್ಪ ಕೇಳಿದ.

"ಇಲ್ಲ."

"ಬೈದಾನೇನು?"

"ಇಲ್ಲ. ಏಳು ಅಂತಾನ. ಕುಂತ ಕೂಡ್ಲೇ ಏಳು ಅಂತಾನ. ದಿನಾ."

ನನ್ನ ಹೇಣತಿ ಬಾಗಲದಾಗ ಮೂಗು ಸೊರ್ರ ಅನಸಿದ್ಳು. ಅಶ್ವಜಿತ ಜೇಬಿನಾಗಿಂದ ಡೈರಿ ತಗದು ಏನೋ ಬರ್ಕೊಂಡು, ಗಂಭೀರ ದನಿಲೇ ಅಂದ: "ಕಾಯ್ದಾ ಪ್ರಕಾರ ನೋಡಿದ್ರ ಇದು ಕಬ್ಜಾ ಪ್ರಕರಣ. ಮನಿ ಅಕಿದು, ಕಬ್ಜಾ ದಿಂಬಿಂದು."

"ಬರೋಬ್ಬರಿ ಹೇಳ್ದಿ," ಅಂದ್ರು ಹಿರ್ಯಾರು. ಅಶ್ವಜಿತ ಒಂದೀಟು ಮುಂದ ಸರದು ಅರಾಮಾಗಿ ಕುಂತ.

"ಅಲ್ರೀ, ಅಂಬರೀನ ಮೇಡಮ್ಮರ ಮನ್ಯಾಗ ಹಿಂಗೇ ಇರ್ತದ!" ಜ್ಞಾನೇಶ್ವರ ಬಡಬಡಿಸಿದ. "ದೊಡ್ಡ ಮಂದಿ, ಓದಿದ ಮಂದಿ, ಅವ್ರ ಮನ್ಯಾಗ ಒಂದು ಕಲೆ ಇರಂಗಿಲ್ಲ!"

ಬರೋಬ್ಬರಿ ಆಗ ಬಾಗಲದಾಗ ಅಂಬರೀನ ಮೇಡಮ್ಮು. ಕೈಯಾಗ ಮಿಠಾಯಿ ಡಬ್ಬಿ. ಕಾಲಿಗಿ ಇಪ್ಪತ್ತೈದು ಜೋಡು ಚಪ್ಪಲಿ ತೊಡರಿ, ಟಗರಿಗಿ ಒಮ್ಮೆ "ಹಟ್ ಹಟ್" ಅಂದು ಒಳಗ ಬಂದ್ರು.

"ಮಾಷಾ ಅಲ್ಲಾ," ಅಂದ್ರು. "ಏಕ್ದಂ ಛಲೋ ಆಗ್ಯದ. ಇಷ್ಟು ಮಂದಿ ತುಂಬಿದ್ರ ಅಲ್ಲೇನ್ರಿ ಮನಿ ಬೆಚ್ಚಗ ಕಾಣೋದು!"

"ಬಾ ತಾಯಿ," ಅಂದ ಮಾಳಪ್ಪ. "ನೀ ಸಾಕ್ಷಿ. ಕಂಬಳಿ ಮುಂದ ಖರೆ ಹೇಳ್ಬೇಕು ನೋಡು. ನಿಮ್ಮ ಮನ್ಯಾಗ ಹಂಗಾಮಕ್ಕೊಮ್ಮೆ ಎಲ್ಲಾ ಬದಲ ಮಾಡ್ತೀರಿ?"

"ಮಾಡ್ತೀನ್ರಿ ಅಜ್ಜಾ."

ಜ್ಞಾನೇಶ್ವರನ ಎದಿ ಉಬ್ಬತು.

"ಯಾಕ?"

ಮೇಡಮ್ಮು ಕಂಬಳಿ ನೋಡಿದ್ರು, ತಂಬಗಿ ನೋಡಿದ್ರು, ಪೊಲೀಸನ್ನ ನೋಡಿದ್ರು. ಖರೆ ಹೇಳೋದು ಛಲೋ ಅನಿಸಿರ್ಬೇಕು.

"ಏನ್ ಹೇಳ್ಲಿ ಅಜ್ಜಾ, ನಮ್ಮ ಮನಿಯವ್ರು ಫಿರೋಜ ಸಾಬ್ರು ದಿನಕ್ಕ ಆರು ಚಹಾ ಕುಡೀತಾರ, ಎರಡು ಚೆಲ್ತಾರ. ಮನ್ಯಾಗ ಹನ್ನೊಂದು ಮಂದಿ, ಎಲ್ಲಾರೂ ದಿವಾನದ ಮ್ಯಾಲೇ ಉಣ್ತಾರ, ಅದರ ಮ್ಯಾಲೇ ಮಲಗ್ತಾರ. ಮೂರು ತಿಂಗಳಿಗಿ ಒಂದು ಗಲೀಫ ಉಳಿಯಂಗಿಲ್ಲ. ಬದಲ ಮಾಡದ ಏನ್ ಮಾಡ್ಲಿ?"

"ಮೇಡಮ್! ಮೌಸಮ್ ಅಂದಿದ್ರಲ್ರಿ!" ಜ್ಞಾನೇಶ್ವರನ ದನಿ ಒಡೀತು.

"ಮತ್ತೇನ್ರಿ ಭಾಯಿ, ಮೀಟರ್ ಓದ್ಲಿಕ್ಕ ಬಂದವ್ರ ಮುಂದ ನಮ್ಮ ಸಾಬ್ರು ಚೆಲ್ತಾರ ಅಂತ ಹ್ಯಾಂಗ ಹೇಳ್ಲಿ?"

ರುಮಾಲು ಮತ್ತ ಬಾಗಿದ್ವು. ಈ ಸಲ ಭಾಳ ಹೊತ್ತು. ಕಡೀಕ ಮಾಳಪ್ಪ ತಲಿ ಎತ್ತಿದ.

"ಕೇಳು. ಹಂಗಾಮಕ್ಕೊಮ್ಮೆ ಬದಲ ಮಾಡೋದು ತಪ್ಪಲ್ಲ. ಕುರಿನೂ ಹಂಗಾಮಿಗಿ ಉಣ್ಣಿ ಬದಲ ಮಾಡ್ತದ. ಆದ್ರ ಇನ್ನ ಮ್ಯಾಲ ಹೊಸದು ಹಾಸಿದ ದಿನ ಮೊದಲನೇ ಕಲೆ ನೀನೇ ಮಾಡ್ಬೇಕು, ನಿನ್ನ ಕೈಲೇ. ಕಲೆ ಬಿದ್ದ ಮ್ಯಾಲ ಯಾರಿಗೂ ಏಳು ಅನ್ನಂಗಿಲ್ಲ. ಒಪ್ಪಿದ್ರ ಮಗಳು ಇಲ್ಲಿರ್ತಾಳ. ಇಲ್ಲಂದ್ರ ಟೆಂಪೋ."

"ಆತ್ರಿ, ಮುಂದಿನ ಹಂಗಾಮದಿಂದ..."

"ಈಗ."

ಸತ್ಯಮ್ಮ ಎಲ್ಲಾರಿಗೂ ಚಹಾ ತಂದು ಕೊಟ್ಟು, ಕಡೀಕ ಒಂದು ಕಪ್ ಗಂಡನ ಕೈಯಾಗ ಕೊಟ್ಳು. ಸತೀಶಕುಮಾರ ಅರಿಶಿಣ ದಿಂಬು ತಂದು ಮುಂದ ಇಟ್ಟ. ಜ್ಞಾನೇಶ್ವರ ಕಿಡಕಿ ಕಡಿ ಕೈ ಮಾಡಿ ಕಡೇ ಸಲ ಅಂದ: "ಟಗರು ಆಗ್ಲೇ ಪರದಾ ತಿಂದದಲ್ರಿ ಮಾವಾ. ಅದನ್ನ ಹಿಡ್ಕೊಳ್ಳಿಕ್ಕ ಬರಂಗಿಲ್ಲೇನು?"

"ಟಗರಿನ ಪಾಪ ಟಗರಿಗಿ. ನಿಂದು ಮಾಡು."

ಅಂವ ಕಪ್ಪು ಎತ್ತಿದ. ದಿಂಬಿನ ಮ್ಯಾಲ ಒಂದೀಟು ಬಗ್ಗಿಸಿದ. ಒಂದು ಹನಿ ಬಿತ್ತು.

ಅಶ್ವಜಿತ ಬಗ್ಗಿ ನೋಡಿದ. "ಕಾಣಂಗಿಲ್ಲ. ಪುರಾವೆ ಸಾಲಂಗಿಲ್ಲ."

ಎರಡನೇ ಸಲ ಕಣ್ಣ ಮುಚ್ಚಿ ಬಗ್ಗಿಸಿದ. ಅರ್ಧ ಚಹಾ ಅವನ ಕುರ್ತಾದ ಮ್ಯಾಲೇ ಬಿತ್ತು, ದಿಂಬಿಗಿ ಒಂದು ಹನಿ ತಾಗಲಿಲ್ಲ. ಇಪ್ಪತ್ತು ವರ್ಷ ನೆಟ್ಟಗ ಇಟ್ಟು ನಂಬರ್ ಬರದ ಕೈ ಅದು, ತಪ್ಪು ಮಾಡು ಅಂದ್ರ ಹ್ಯಾಂಗ ಮಾಡ್ತದ?

ಮಾಳಪ್ಪ ನಿಟ್ಟುಸಿರು ಬಿಟ್ಟು ಹೊರಗ ನೋಡಿದ. "ಗಾಡಿ ಚಾಲೂ ಮಾಡಪಾ."

ಟೆಂಪೋ ಡುರ್ರ್ ಅಂತು. ಸತ್ಯಮ್ಮ ಕಾಲಾಗಿನ ಪಿಲ್ಲಿ ನೋಡ್ಕೋತ ಎರಡು ಹೆಜ್ಜಿ ಬಾಗಲದ ಕಡಿ ಇಟ್ಳು. ಮೂರನೇದು ಹೊಸ್ತಿಲ ಮ್ಯಾಲ ಇಡ್ಬೇಕು.

"ಏ ಸತ್ಯಾ!" ಅಂತ ಚೀರಿ ಜ್ಞಾನೇಶ್ವರ ಉಳದ ಚಹಾ ಪೂರಾ ದಿಂಬಿನ ಮ್ಯಾಲ ಸುರವಿದ. ಬಸಿನೂ ಬಗ್ಗಿಸಿದ. ಆಮ್ಯಾಲ ಏನಾತೋ ದೇವರಿಗೇ ಗೊತ್ತು, ಅವನ ಮೈಯಾಗ ಎಂಟು ತಿಂಗಳದಿಂದ ಕಟ್ಟಿ ಹಾಕಿದ್ದೇನೋ ಒಡದಾಂಗ, ಅಶ್ವಜಿತನ ಕೈಯಾಗಿನ ಕಪ್ಪು ಕಸ್ಕೊಂಡು ಎರಡನೇ ದಿಂಬಿಗಿ ಸುರವಿದ, ನನ್ನ ಕಪ್ಪು ಕಸ್ಕೊಂಡು ದಿವಾನಕ್ಕ ಸುರವಿದ, ಮೇಡಮ್ಮರದು ಕಸ್ಕೊಂಡು ಲೋಡಿಗಿ. ಸತ್ಯಮ್ಮನ ಪುಂಡಿ ಪಲ್ಯದ ಪಾತೇಲಿಗಿ ಕೈ ಹಾಕೋದ್ರಾಗ ನಾಲ್ಕು ಮಂದಿ ಹಿಡ್ಕೊಂಡ್ರು.

"ಸಾಕೋ ಮಾರಾಯಾ, ಒಂದು ಅಂದಿದ್ದೆ!" ಅಂದ ಮಾಳಪ್ಪ.

ಗಾಡಿ ಬಂದ್ ಆತು. ಮಾಳಪ್ಪ ತಂಬಗಿ ನೀರು ಎಲ್ಲಾರಿಗೂ ಚಿಮುಕಿಸಿ, ಎದ್ದು ನಿಂತ. ಐದೂ ಪಂಚರು ಕೂಡಿ ಕಂಬಳಿ ಸುತ್ತಿದ್ರು. ಅಶ್ವಜಿತಗ ತುದಿ ಸಮ ಹಿಡೀಲಿಕ್ಕ ಬರಲಿಲ್ಲ, ಎರಡು ಸಲ ಬೈಸ್ಕೊಂಡ.

ಎಲ್ಲಾರೂ ಹಿತ್ತಲದಾಗ ರೊಟ್ಟಿ, ಪಲ್ಯ, ಬೆಲ್ಲದ ಹುಗ್ಗಿ ಉಂಡ್ರು. ಮೇಡಮ್ಮು ಮೂರು ರೊಟ್ಟಿ ಉಂಡು ಹಿಟ್ಟು ಎಲ್ಲಿದು ಅಂತ ಕೇಳಿದ್ರು, ಸತ್ಯಮ್ಮ ನನ್ನ ಕಡಿ ತೋರ್ಸಿದ್ಳು. ಟೆಂಪೋ ಹೋತು. ಟಗರು ಏರೋ ಮುಂದ ಮತ್ತ ಕೊಂಬು ಸಿಕ್ಕತು, ಇಳಿಯೋ ಮುಂದಿನಕ್ಕಿಂತ ಅದು ಒಂದು ಗೇಣು ಬೆಳದಿತ್ತು.

ಮಂದಿ ಹೋದ ಮ್ಯಾಲ ಸತ್ಯಮ್ಮ ಪಡಸಾಲಿಗಿ ಬಂದ್ಳು. ದಿವಾನ ನೋಡಿದ್ಳು. ಕುಂತ್ಳು. ಲೋಡಿಗಿ ಬೆನ್ನು ಹಚ್ಚಿದ್ಳು. ಕಾಲು ಎರಡೂ ಉದ್ದಕ್ಕ ಚಾಚಿದ್ಳು.

"ಜರಾ ಒದ್ದಿ ಅದ," ಅಂದ್ಳು.

ಜ್ಞಾನೇಶ್ವರ ಬಾಯಿ ತಗದ. ನಾನು, ನನ್ನ ಹೇಣತಿ ಉಸಿರು ಹಿಡ್ಕೊಂಡು ನೋಡಿದ್ವಿ. ಅಂವ ಬಾಯಿ ಮುಚ್ಚಿ, ಕಂಬಳಿ ಬಿಚ್ಚಿ ತಂದು ಅಕಿ ಕಾಲ ಮ್ಯಾಲ ಹೊದಿಸಿದ.

"ನನಗೊಂದು ಚಹಾ ತರ್ರಿ," ಅಂದ್ಳು ಸತ್ಯಮ್ಮ. "ಮಾಡಿದ್ದೆಲ್ಲಾ ಚೆಲ್ಲೀರಿ."

ಅಂವ ಅಡಗಿಮನಿಗಿ ಹೋದ. ಸಕ್ರಿ ಡಬ್ಬಿ ಎಲ್ಲದ ಅಂತ ಅಲ್ಲಿಂದ ಮೂರು ಸಲ ಕೂಗಿ ಕೇಳಿದ. ಸತ್ಯಮ್ಮ ಎಲ್ಲದ ಅಂತ ಮೂರೂ ಸಲ ಕುಂತಲ್ಲಿಂದಲೇ ಹೇಳಿದ್ಳು.